ಹಿರಿಯ ಮಗುವಿಗೆ ಪಾಠ ಹೇಳುವವರು ಯಾರು?

2020ರ ಮಾರ್ಚ್ ತಿಂಗಳಿನಲ್ಲಿ ಶಾಲೆಗಳ ಬಾಗಿಲು ಮುಚ್ಚಿದಾಗ ನಾಡಿನ ಮನೆಮನೆಯೂ ಒಂದು ಏಕೋಪಾಧ್ಯಾಯ ಶಾಲೆಯಾಗಿಬಿಟ್ಟಿತು. ಒಂದೇ ನಡುಮನೆಯಲ್ಲಿ ಒಂದನೆಯ ತರಗತಿಯ ಮಗು, ಐದನೆಯ ತರಗತಿಯ ಮಗು, ಒಂಬತ್ತನೆಯ ತರಗತಿಯ ಮಗು. ಇಷ್ಟು ಮಂದಿಗೂ ಪಾಠ ಹೇಳಬೇಕಾದವಳು ಒಲೆಯ ಮೇಲೆ ಅನ್ನಕ್ಕಿಟ್ಟು ಬಂದ ತಾಯಿ ಒಬ್ಬಳೇ. ಆ ದಿನಗಳಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ದೂರವಾಣಿಯಲ್ಲಿ ಕೇಳಿದ ಪ್ರಶ್ನೆ ಒಂದೇ ಆಗಿತ್ತು: "ಸರ್, ಬೇರೆ ಬೇರೆ ವಯಸ್ಸಿನ ಮಕ್ಕಳನ್ನು ಒಟ್ಟಿಗೆ ಕೂರಿಸಿಕೊಂಡು ಕಲಿಸುವುದು ಹೇಗೆ?" ಶಾಲೆಗಳೇನೋ ಮತ್ತೆ ತೆರೆದವು. ಆದರೆ ಮಕ್ಕಳನ್ನು ಮನೆಯಲ್ಲಿಯೇ ಓದಿಸುವುದೆಂದು ನಿಶ್ಚಯಿಸಿದ ಕೆಲವು ತಂದೆತಾಯಿಗಳು ಇಂದಿಗೂ ಅದೇ ಪ್ರಶ್ನೆಯನ್ನು ಕೇಳುತ್ತಿದ್ದಾರೆ. ನಾನು ಇತಿಹಾಸದ ಮೇಷ್ಟ್ರು. ಯಾವ ಪ್ರಶ್ನೆ ಎದುರಾದರೂ ಹಿಂದಿನವರು ಇದಕ್ಕೆ ಏನು ಮಾಡಿದರೆಂದು ನೋಡುವುದು ನನ್ನ ಅಭ್ಯಾಸ. ಈ ಪ್ರಶ್ನೆಯ ಬೆನ್ನು ಹಿಡಿದು ಹೋದರೆ ದಾರಿಯು ಇಕ್ಕೇರಿಯಿಂದ ಮದರಾಸಿಗೆ, ಅಲ್ಲಿಂದ ಲಂಡನ್ನಿಗೆ, ಮರಳಿ ಬಳ್ಳಾರಿಗೆ ಕರೆದೊಯ್ಯುತ್ತದೆ.

ವಯಸ್ಸಿಗೊಂದು ತರಗತಿ, ತರಗತಿಗೊಂದು ಕೊಠಡಿ, ಕೊಠಡಿಗೊಬ್ಬ ಉಪಾಧ್ಯಾಯ ಎಂಬ ವ್ಯವಸ್ಥೆಯು ನಮಗೆ ಎಷ್ಟು ರೂಢಿಯಾಗಿದೆಯೆಂದರೆ, ಶಾಲೆಯೆಂದರೆ ಹೀಗೆಯೇ ಇರಬೇಕೆಂದು ನಾವು ತಿಳಿದಿದ್ದೇವೆ. ವಾಸ್ತವವಾಗಿ ಈ ವ್ಯವಸ್ಥೆ ವ್ಯಾಪಕವಾದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಅದಕ್ಕೆ ಮೊದಲು ಬಹುತೇಕ ಮಕ್ಕಳು ಕಲಿತದ್ದು ತಮಗಿಂತ ಹಿರಿಯರಾದ ಮತ್ತು ಕಿರಿಯರಾದ ಮಕ್ಕಳ ನಡುವೆ ಕುಳಿತೇ.

ಇದಕ್ಕೊಂದು ಸೊಗಸಾದ ಸಾಕ್ಷ್ಯ ನಮ್ಮ ಮಲೆನಾಡಿನಲ್ಲಿಯೇ ದೊರೆಯುತ್ತದೆ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ಡೆಲ್ಲ ವಲ್ಲೆ ಎಂಬಾತನು ಪೋರ್ಚುಗೀಸ್ ರಾಯಭಾರಿಯೊಡನೆ ಕೆಳದಿಯ ವೆಂಕಟಪ್ಪ ನಾಯಕನನ್ನು ಕಾಣಲು ಹೊನ್ನಾವರದ ಕಡೆಯಿಂದ ಘಟ್ಟ ಹತ್ತಿ ಇಕ್ಕೇರಿಗೆ ಬಂದನು. ದಾರಿಯಲ್ಲಿ ಒಂದು ದೇಗುಲದ ಮೊಗಸಾಲೆಯಲ್ಲಿ ನಾಲ್ವರು ಹುಡುಗರು ಲೆಕ್ಕ ಕಲಿಯುತ್ತಿದ್ದುದನ್ನು ಅವನು ಕಂಡನು. ನೆಲದ ಮೇಲೆ ನುಣ್ಣನೆಯ ಮರಳನ್ನು ಹರಡಲಾಗಿತ್ತು. ಒಬ್ಬನು ರಾಗವಾಗಿ ಪಾಠವನ್ನು ಹೇಳಿ, ಹೇಳಿದ್ದನ್ನು ಬೆರಳಿನಿಂದ ಮರಳಿನಲ್ಲಿ ಬರೆಯುವನು; ಉಳಿದವರು ಅದನ್ನೇ ಹಾಡಿ, ಅದನ್ನೇ ಬರೆಯುವರು. ಮರಳು ತುಂಬಿದಾಗ ಅಳಿಸಿ, ಮತ್ತೆ ಹರಡಿ, ಮುಂದುವರಿಸುವರು. ನಾವೆಲ್ಲ ಮಗ್ಗಿ ಕಲಿತ ಬಗೆಯೂ ಇದೇ ಅಲ್ಲವೆ? ಗುರುಗಳು ಅಲ್ಲಿರಲಿಲ್ಲ. ತಪ್ಪಿದರೆ ತಿದ್ದುವವರು ಯಾರೆಂದು ಪ್ರವಾಸಿ ಕೇಳಿದನು. ನಾಲ್ವರೂ ಒಂದೇ ಸ್ಥಳದಲ್ಲಿ ತಪ್ಪುವುದು ಸಾಧ್ಯವಿಲ್ಲ, ಒಬ್ಬ ತಪ್ಪಿದರೆ ಇನ್ನೊಬ್ಬ ತಿದ್ದುತ್ತಾನೆ ಎಂಬ ಅರ್ಥದ ಉತ್ತರ ಬಂದಿತು. ಆ ಉತ್ತರಕ್ಕೆ ಡೆಲ್ಲ ವಲ್ಲೆ ಮನಸೋತನು.

ಇಲ್ಲಿ ಒಂದು ಸಂಗತಿಯನ್ನು ಮರೆಯಬಾರದು. ಆ ಹುಡುಗರು ಗುರುವಿಲ್ಲದೆ ಅಭ್ಯಾಸ ಮಾಡುತ್ತಿದ್ದರೇ ಹೊರತು ಗುರುವಿಲ್ಲದೆ ಕಲಿತವರಲ್ಲ. ಪಾಠವನ್ನು ಮೊದಲು ಗುರುಗಳಿಂದ ಪಡೆದಿದ್ದರು. ಆಮೇಲೆ ಅದನ್ನು ತಮ್ಮತಮ್ಮಲ್ಲಿ ಗಟ್ಟಿ ಮಾಡಿಕೊಳ್ಳುತ್ತಿದ್ದರು. ಮುಂದೆ ಹೇಳಲಿರುವ ಕತೆಗೆ ಈ ಭೇದವೇ ಕೀಲಿ.

ಸುಮಾರು ನೂರ ಅರುವತ್ತು ವರ್ಷಗಳ ನಂತರ, 1787ರಲ್ಲಿ, ಸ್ಕಾಟ್ಲೆಂಡಿನ ಆಂಡ್ರ್ಯೂ ಬೆಲ್ ಎಂಬ ಪಾದ್ರಿ ಮದರಾಸಿಗೆ ಬಂದನು. ಎಗ್ಮೋರಿನಲ್ಲಿ ಸೈನಿಕರ ಅನಾಥ ಗಂಡುಮಕ್ಕಳಿಗಾಗಿ ತೆರೆದಿದ್ದ ಆಶ್ರಮದ ಮೇಲ್ವಿಚಾರಣೆ 1789ರಲ್ಲಿ ಅವನ ಪಾಲಿಗೆ ಬಂದಿತು. ಅಲ್ಲಿಯ ಉಪಾಧ್ಯಾಯರ ಕೆಲಸ ಅವನಿಗೆ ತೃಪ್ತಿಯಾಗಲಿಲ್ಲ. ಒಂದು ದಿನ ಅವನು ಸ್ಥಳೀಯರ ಶಾಲೆಯೊಂದರಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದುದನ್ನು ಕಂಡು, ತನ್ನಲ್ಲಿಯೂ ಹಾಗೆ ಮಾಡಿಸಬೇಕೆಂದು ಹೊರಟನು. ಉಪಾಧ್ಯಾಯರು ಮನಸ್ಸಿಟ್ಟು ಮಾಡಲಿಲ್ಲ. ಆಗ ಬೆಲ್, ಜಾನ್ ಫ್ರಿಸ್ಕೆನ್ ಎಂಬ ಎಂಟು ವರ್ಷದ ಹುಡುಗನನ್ನು ಕರೆದು, ಚಿಕ್ಕವರಿಗೆ ಅಕ್ಷರ ಕಲಿಸುವ ಕೆಲಸವನ್ನು ಅವನಿಗೆ ಒಪ್ಪಿಸಿದನು. ಹುಡುಗ ಅದನ್ನು ಮಾಡಿ ತೋರಿಸಿದನು. ಕ್ರಮೇಣ ಇಡೀ ಶಾಲೆಯೇ ಈ ರೀತಿಗೆ ತಿರುಗಿತು. ಬೆಲ್ 1796ರಲ್ಲಿ ಸ್ವದೇಶಕ್ಕೆ ಮರಳಿ, ಮರುವರ್ಷ ಈ ಪ್ರಯೋಗದ ವಿವರಗಳನ್ನು ಲಂಡನ್ನಿನಲ್ಲಿ ಪ್ರಕಟಿಸಿದನು. ಇದಕ್ಕೆ ಇಂಗ್ಲೆಂಡಿನಲ್ಲಿ ಬಂದ ಹೆಸರೇ 'ಮದರಾಸು ಪದ್ಧತಿ'.

ಅದೇ ಸಮಯಕ್ಕೆ, 1798ರಲ್ಲಿ, ಜೋಸೆಫ್ ಲಂಕಾಸ್ಟರ್ ಎಂಬ ಇಪ್ಪತ್ತು ವರ್ಷದ ತರುಣನು ಲಂಡನ್ನಿನ ಸದರ್ಕ್ ಭಾಗದಲ್ಲಿ ಬಡ ಮಕ್ಕಳಿಗಾಗಿ ಶಾಲೆ ತೆರೆದನು. ಶುಲ್ಕ ಕೊಡಲಾಗದವರು ಉಚಿತವಾಗಿ ಕಲಿಯಬಹುದೆಂದು ಸಾರಿದ ಮೇಲೆ ಮಕ್ಕಳು ಕಿಕ್ಕಿರಿದು ಬಂದರು. ಸಹಾಯಕರಿಗೆ ಸಂಬಳ ಕೊಡಲು ಅವನ ಕೈಯಲ್ಲಿ ಹಣವಿರಲಿಲ್ಲ. ಅವನೂ ಹಿರಿಯ ಹುಡುಗರನ್ನೇ ಮಾನಿಟರುಗಳನ್ನಾಗಿ ನೇಮಿಸಿದನು. ಈ ಪದ್ಧತಿಯನ್ನು ಮೊದಲು ಕಂಡುಹಿಡಿದವರು ಯಾರೆಂದು ಬೆಲ್ ಮತ್ತು ಲಂಕಾಸ್ಟರರ ಪಕ್ಷಗಳ ನಡುವೆ ವರ್ಷಗಟ್ಟಲೆ ಜಗಳ ನಡೆಯಿತು. ಮೊಗಸಾಲೆಯ ಮರಳಿನಲ್ಲಿ ಬರೆಯುತ್ತಿದ್ದ ನಮ್ಮ ಹುಡುಗರಿಗೆ ಈ ಜಗಳದ ಸುದ್ದಿ ತಿಳಿದಿದ್ದರೆ ನಕ್ಕಿರುತ್ತಿದ್ದರು.

ಈ ಜಗಳದ ನಡುವೆಯೇ ಪದ್ಧತಿಯ ಸ್ವರೂಪ ಬದಲಾಯಿತು. ಒಬ್ಬ ಉಪಾಧ್ಯಾಯನು ಸಾವಿರ ಮಕ್ಕಳಿಗೆ ಕಲಿಸಬಲ್ಲನೆಂದು ಲಂಕಾಸ್ಟರ್ ಹೇಳತೊಡಗಿದನು. ದೊಡ್ಡ ಹಜಾರ, ಸಾಲುಸಾಲು ಬೆಂಚುಗಳು, ಸಾಲಿಗೊಬ್ಬ ಮಾನಿಟರ್, ಆಜ್ಞೆಗೆ ತಕ್ಕಂತೆ ಒಟ್ಟಾಗಿ ಏಳುವ, ಕೂರುವ ಮಕ್ಕಳು. ಹೊಡೆತವನ್ನು ಒಲ್ಲೆನೆಂದವನು ತಪ್ಪು ಮಾಡಿದವರ ಕೊರಳಿಗೆ ಮರದ ತುಂಡು ಕಟ್ಟಿಸುತ್ತಿದ್ದನು. ಬುಟ್ಟಿಯಲ್ಲಿ ಕೂರಿಸಿ ಮಾಳಿಗೆಗೆ ತೂಗುಹಾಕಿಸುತ್ತಿದ್ದನು. ಖರ್ಚು ಕಡಿಮೆಯೆಂಬ ಕಾರಣಕ್ಕೆ ಪದ್ಧತಿಯು ಖಂಡಾಂತರಗಳಿಗೂ ಹರಡಿತು. ನೆರವಿಗೆಂದು ಹುಟ್ಟಿದ್ದು ಉಳಿತಾಯದ ಉಪಾಯವಾಯಿತು.

ಈಗ ಬಳ್ಳಾರಿಗೆ ಬರೋಣ. 1822ರಲ್ಲಿ ಮದರಾಸಿನ ಗವರ್ನರ್ ಥಾಮಸ್ ಮನ್ರೋ ತನ್ನ ಪ್ರಾಂತ್ಯದ ಎಲ್ಲ ಜಿಲ್ಲೆಗಳ ಕಲೆಕ್ಟರುಗಳಿಂದ ದೇಶೀ ಶಾಲೆಗಳ ವಿವರವನ್ನು ಕೇಳಿದನು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ 1823ರ ಆಗಸ್ಟ್ 17ರಂದು ಕಳುಹಿಸಿದ ವರದಿಯು ಅವುಗಳಲ್ಲೆಲ್ಲ ವಿಸ್ತಾರವಾದವುಗಳ ಸಾಲಿಗೆ ಸೇರಿದ್ದು. ಧರ್ಮಪಾಲರು 1983ರಲ್ಲಿ ಪ್ರಕಟಿಸಿದ 'ದಿ ಬ್ಯೂಟಿಫುಲ್ ಟ್ರೀ' ಗ್ರಂಥದಲ್ಲಿ ಇದು ಅಚ್ಚಾಗಿದೆ. ಅಂದಿನ ಬಳ್ಳಾರಿ ಜಿಲ್ಲೆಯ ಜನಸಂಖ್ಯೆ 9,27,857. ಶಾಲೆಗಳು 533, ಅವುಗಳಲ್ಲಿ ಕನ್ನಡದವು 235, ತೆಲುಗಿನವು 226, ಉಳಿದವು ಮರಾಠಿ, ಸಂಸ್ಕೃತ, ಪಾರಸಿ, ತಮಿಳು ಮತ್ತು ಒಂದೇ ಒಂದು ಇಂಗ್ಲಿಷ್. ವಿದ್ಯಾರ್ಥಿಗಳು 6,641. ಎಂದರೆ ಶಾಲೆಗೆ ಸರಾಸರಿ ಹನ್ನೆರಡು ಮಕ್ಕಳು. ನಮ್ಮ ಅಜ್ಜಂದಿರು ಐಗಳ ಮಠ, ಕೂಲಿಮಠ ಎಂದು ಹೇಳುತ್ತಿದ್ದುದು ಇಂತಹ ಶಾಲೆಗಳನ್ನೇ.

ಕ್ಯಾಂಬೆಲ್ ಕೊಡುವ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಬೆಳಗ್ಗೆ ಆರಕ್ಕೆ ಶಾಲೆ. ಮೊದಲು ಬಂದ ಮಗುವಿನ ಅಂಗೈಯಲ್ಲಿ ಸರಸ್ವತಿಯ ಹೆಸರು. ಎರಡನೆಯವನಿಗೆ ಸೊನ್ನೆ, ಅಂದರೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲನೆಯ ಒಂದೇಟು, ನಾಲ್ಕನೆಯವನಿಗೆ ಎರಡು, ಹೀಗೆ ತಡವಾದಷ್ಟೂ ಏರಿಕೆ. ಮಕ್ಕಳನ್ನು ಸಾಮಾನ್ಯವಾಗಿ ನಾಲ್ಕು ವರ್ಗಗಳಾಗಿ ವಿಂಗಡಿಸುತ್ತಿದ್ದರು. ಈ ವಿಂಗಡಣೆಯು ವಯಸ್ಸನ್ನು ನೋಡಿ ಅಲ್ಲ, ಕಲಿತದ್ದನ್ನು ನೋಡಿ. ಕೆಳಗಿನ ವರ್ಗಗಳನ್ನು ಭಾಗಶಃ ಮುಂದುವರಿದ ಹುಡುಗರು ನೋಡಿಕೊಳ್ಳುವರು; ಮೇಲಿನ ವರ್ಗಗಳನ್ನು ಗುರುಗಳು ಸ್ವತಃ ನೋಡಿಕೊಳ್ಳುವರು; ಜೊತೆಗೆ ಇಡೀ ಶಾಲೆಯ ಮೇಲೆ ಅವರ ಕಣ್ಣಿರುವುದು. ಮುಂದುವರಿದವರು ಹಿಂದಿನವರಿಗೆ ಕಲಿಸುತ್ತ ತಮ್ಮ ಕಲಿಕೆಯನ್ನೂ ದೃಢಪಡಿಸಿಕೊಳ್ಳುವ ಈ ಕ್ರಮ ಮೆಚ್ಚತಕ್ಕದ್ದೆಂದೂ, ಇಂಗ್ಲೆಂಡು ಇದನ್ನು ಅನುಕರಿಸಿದ್ದು ಯೋಗ್ಯವೇ ಎಂದೂ ಕ್ಯಾಂಬೆಲ್ ಬರೆದಿದ್ದಾನೆ.

ಆ ಶಾಲೆಗಳನ್ನು ಹೊಗಳಿ ಹೊಗಳಿ ಅಟ್ಟಕ್ಕೇರಿಸುವ ಇಚ್ಛೆ ನನಗಿಲ್ಲ. ಮಕ್ಕಳು ಅರ್ಥವರಿಯದೆ ಪದ್ಯಗಳನ್ನು ಕಂಠಪಾಠ ಮಾಡುತ್ತಿದ್ದರೆಂದು ಕ್ಯಾಂಬೆಲ್ಲನೇ ದೂರಿದ್ದಾನೆ. ಅಲ್ಲದೆ 6,641 ವಿದ್ಯಾರ್ಥಿಗಳಲ್ಲಿ ಹೆಣ್ಣುಮಕ್ಕಳು ಅರುವತ್ತೇ ಮಂದಿ. ಬಡತನದಿಂದಾಗಿ ಮಕ್ಕಳನ್ನು ಶಾಲೆ ಬಿಡಿಸುತ್ತಿದ್ದರೆಂಬುದನ್ನೂ, ಇಂಗ್ಲೆಂಡಿನ ಬಟ್ಟೆ ಬಂದು ನೇಕಾರರ ಸಂಪಾದನೆ ಕುಗ್ಗಿತೆಂಬುದನ್ನೂ ಅದೇ ವರದಿ ಹೇಳುತ್ತದೆ. ಆದರೂ ಹನ್ನೆರಡು ಮಕ್ಕಳ ಆ ಶಾಲೆಯಲ್ಲಿ ಒಂದು ವಿವೇಕವಿತ್ತು. ಅಲ್ಲಿ ಕಲಿಸುವ ಹುಡುಗನಿಗೆ ದಿನವೂ ಗುರುಗಳ ಎದುರಿನಲ್ಲಿ ತನ್ನ ಪಾಠವೂ ಇರುತ್ತಿತ್ತು. ಕೆಳಗಿನವರಿಗೆ ಕೊಟ್ಟಷ್ಟನ್ನು ಮೇಲಿನಿಂದ ಪಡೆಯುತ್ತಿದ್ದನು.

ಲಂಡನ್ನಿನ ಹಜಾರದಲ್ಲಿ ಈ ವಿವೇಕ ಕಳೆದುಹೋಯಿತು. ನೂರಾರು ಮಕ್ಕಳ ನಡುವೆ ಮಾನಿಟರನಿಗೆ ಸಿಕ್ಕುವ ಪಾಠ ಅತ್ಯಲ್ಪ. ತಾನು ಅರ್ಧ ತಿಳಿದದ್ದನ್ನು ಅವನು ಕಿರಿಯರಿಗೆ ಹೇಳಿಕೊಡುವನು. ಅವರು ಅದರಲ್ಲಿ ಅರ್ಧವನ್ನು ತಿಳಿಯುವರು. ಕೊನೆಗೆ 1846ರಲ್ಲಿ ಇಂಗ್ಲೆಂಡಿನ ಸರ್ಕಾರ ಹೊಸದೊಂದು ಏರ್ಪಾಟು ಮಾಡಿತು. ಹದಿಮೂರು ವರ್ಷ ತುಂಬಿದ ಜಾಣ ಮಕ್ಕಳನ್ನು ಐದು ವರ್ಷಗಳ ಅವಧಿಗೆ ಶಿಷ್ಯೋಪಾಧ್ಯಾಯರನ್ನಾಗಿ ತೆಗೆದುಕೊಂಡು, ಅವರಿಗೆ ವೇತನ ಕೊಡುವುದು. ಅದಕ್ಕಿಂತ ಮುಖ್ಯವಾಗಿ, ಶಾಲೆಯ ಮುಖ್ಯೋಪಾಧ್ಯಾಯನು ದಿನಕ್ಕೆ ಒಂದೂವರೆ ಗಂಟೆ ಈ ಹಿರಿಯರಿಗಾಗಿಯೇ ಬೇರೆಯಾಗಿ ಪಾಠ ಹೇಳುವುದು. ಅರ್ಧ ಶತಮಾನದ ಅನುಭವ ಕಲಿಸಿದ ಪಾಠವಿದು: ಕಲಿಸುವ ಮಗುವಿಗೆ ಕಲಿಸದಿದ್ದರೆ ಪದ್ಧತಿ ನಿಲ್ಲುವುದಿಲ್ಲ.

ಇದುವರೆಗೆ ಹೇಳಿದ್ದು ಶಾಲೆಗಳ ಕತೆ. ಮನೆಯಲ್ಲಿ ಈ ಪದ್ಧತಿ ಹೇಗೆ ನಡೆಯಿತೆಂಬುದಕ್ಕೆ ಅದೇ ಲಂಡನ್ನಿನ ಒಂದು ಕುಟುಂಬ ಪ್ರಸಿದ್ಧವಾಗಿದೆ. ಭಾರತಕ್ಕೆ ಒಮ್ಮೆಯೂ ಬಾರದೆ ಭಾರತದ ಇತಿಹಾಸ ಬರೆದ ಜೇಮ್ಸ್ ಮಿಲ್ಲನ ಹೆಸರನ್ನು ನನ್ನ ವಿದ್ಯಾರ್ಥಿಗಳು ಕೇಳಿರುತ್ತೀರಿ. ನಮ್ಮ ಚರಿತ್ರೆಯನ್ನು ಹಿಂದೂ, ಮುಸ್ಲಿಂ, ಬ್ರಿಟಿಷ್ ಎಂದು ಮೂರಾಗಿ ಸೀಳಿದ ಮಹಾಶಯ. ಹನ್ನೊಂದು ಹನ್ನೆರಡು ವರ್ಷ ದುಡಿದು ಅವನು ಆ ಗ್ರಂಥವನ್ನು ಬರೆಯುತ್ತಿದ್ದಾಗ, ಅದೇ ಮೇಜಿನ ಇನ್ನೊಂದು ಬದಿಯಲ್ಲಿ ಅವನ ಹಿರಿಯ ಮಗ ಜಾನ್ ಸ್ಟುವರ್ಟ್ ಮಿಲ್ ಕುಳಿತು ಗ್ರೀಕ್ ಕಲಿಯುತ್ತಿದ್ದನು. ಹುಡುಗ ಹುಟ್ಟಿದ್ದು 1806ರಲ್ಲಿ. ಗ್ರೀಕ್ ಆರಂಭವಾದದ್ದು ಮೂರನೆಯ ವಯಸ್ಸಿನಲ್ಲಿ. ಗ್ರೀಕಿಗೆ ಇಂಗ್ಲಿಷ್ ಅರ್ಥ ಕೊಡುವ ನಿಘಂಟು ಆಗ ಇರಲಿಲ್ಲವಾದ್ದರಿಂದ ಪ್ರತಿಯೊಂದು ಹೊಸ ಪದಕ್ಕೂ ತಂದೆಯನ್ನೇ ಕೇಳಬೇಕಾಗಿತ್ತು. ತಾಳ್ಮೆಯಿಲ್ಲದ ಆ ಮನುಷ್ಯ ತನ್ನ ಬರವಣಿಗೆಯ ನಡುವೆ ಈ ಅಡಚಣೆಯನ್ನು ಸಹಿಸಿಕೊಂಡನೆಂದು ಮಗ ತನ್ನ ಆತ್ಮಕಥೆಯಲ್ಲಿ ಸ್ಮರಿಸಿದ್ದಾನೆ.

ಮನೆಯಲ್ಲಿ ಒಟ್ಟು ಒಂಬತ್ತು ಮಕ್ಕಳು. ಜೇಮ್ಸ್ ಮಿಲ್ ಲಂಕಾಸ್ಟರನ ಪದ್ಧತಿಯ ಪ್ರಬಲ ಸಮರ್ಥಕ. ಅದರ ಪರವಾಗಿ 1812ರಲ್ಲಿ ಒಂದು ಕಿರುಹೊತ್ತಿಗೆಯನ್ನೇ ಬರೆದಿದ್ದನು. ಮನೆಯಲ್ಲಿಯೂ ಅದೇ ಕ್ರಮ. ಜಾನ್ ಎಂಟನೆಯ ವಯಸ್ಸಿನ ಹೊತ್ತಿಗೆ ಲ್ಯಾಟಿನ್ ಕಲಿಯತೊಡಗಿದಾಗ, ಕಲಿತದ್ದನ್ನು ಕಲಿತ ಹಾಗೆಯೇ ತಂಗಿಗೆ ಹೇಳಿಕೊಡಬೇಕಾಯಿತು. ಅವಳು ಪಾಠವನ್ನು ತಂದೆಗೆ ಒಪ್ಪಿಸಬೇಕು. ಮುಂದೆ ಇನ್ನಷ್ಟು ತಮ್ಮ ತಂಗಿಯರು ಅವನ ಶಿಷ್ಯವರ್ಗಕ್ಕೆ ಸೇರಿದರು. ಕೌಟಿಲ್ಯವನ್ನಾಗಲಿ ಕನ್ನಡವನ್ನಾಗಲಿ ಓದದೆ ಹಿಂದೂಗಳ ವಿದ್ಯೆಯನ್ನು ಹೀಗಳೆಯುತ್ತಿದ್ದ ಆ ಮೇಜಿನ ಪಕ್ಕದಲ್ಲಿಯೇ, ಹಿಂದೂಸ್ಥಾನದ ಜಗಲಿಶಾಲೆಯಿಂದ ಹೋದ ಕ್ರಮದಲ್ಲಿ ಮಕ್ಕಳು ಪಾಠ ಕಲಿಯುತ್ತಿದ್ದರು. ಇತಿಹಾಸ ಇಂತಹ ವಿನೋದಗಳನ್ನು ಸದ್ದಿಲ್ಲದೆ ಮಾಡುತ್ತದೆ.

ಆದರೆ ಮುಂದಿನದು ವಿನೋದವಲ್ಲ. 1817ರಲ್ಲಿ ಮಿಲ್ ಕುಟುಂಬವು ಫೋರ್ಡ್ ಆಬ್ಬಿ ಎಂಬಲ್ಲಿ ತಂಗಿದ್ದಾಗ ಅತಿಥಿಯಾಗಿ ಹೋಗಿದ್ದ ಫ್ರಾನ್ಸಿಸ್ ಪ್ಲೇಸ್ ಎಂಬ ಮಿತ್ರನು ತನ್ನ ಪತ್ನಿಗೆ ಬರೆದ ಪತ್ರದಲ್ಲಿ ಒಂದು ದಿನದ ಸಂಗತಿ ದಾಖಲಾಗಿದೆ. ಆ ಬೆಳಗ್ಗೆ ಇಬ್ಬರು ಹೆಣ್ಣುಮಕ್ಕಳು ಪಾಠವನ್ನು ಸರಿಯಾಗಿ ಒಪ್ಪಿಸಲಿಲ್ಲ. ತಪ್ಪಿದ್ದು ಒಂದೇ ಒಂದು ಪದ. ಮಧ್ಯಾಹ್ನ ಒಂದಕ್ಕೆ ಬರಬೇಕಾದ ಊಟ ಹಿಂದಕ್ಕೆ ಹೋಯಿತು. ಸಂಜೆ ಆರರವರೆಗೆ ಊಟವಿಲ್ಲ. ಜಾನನಿಗೂ ಇಲ್ಲ. ಅವನು ತನ್ನ ಪಾಠದಲ್ಲಿ ತಪ್ಪಿರಲಿಲ್ಲ. ತಂಗಿಯರು ಸಿದ್ಧರಾಗದೆಯೇ ಅವರನ್ನು ಮುಂದಕ್ಕೆ ಬಿಟ್ಟನೆಂಬುದೇ ಅವನ ಅಪರಾಧ. ಅವನಿಗೆ ಆಗ ಹನ್ನೊಂದು ವರ್ಷ. ಮಿಲ್ಲನ ವಿಧಾನ ತಾನು ಕಂಡವುಗಳಲ್ಲೆಲ್ಲ ಉತ್ತಮವೆಂದು ಮೆಚ್ಚಿದ ಅದೇ ಪ್ಲೇಸ್, ಅವನ ಕಾಠಿಣ್ಯ ಮಿತಿಮೀರಿದ್ದೆಂದೂ ಬರೆದನು.

ಕಲಿಸಬೇಕಾಗಿ ಬಂದ ವಿಷಯಗಳನ್ನು ತಾನು ಹೆಚ್ಚು ಪೂರ್ಣವಾಗಿ ಕಲಿತೆನೆಂದೂ, ಅವು ಹೆಚ್ಚು ಕಾಲ ನೆನಪಿನಲ್ಲಿ ಉಳಿದವೆಂದೂ ಜಾನ್ ಮಿಲ್ ಮುಂದೆ ಒಪ್ಪಿಕೊಂಡಿದ್ದಾನೆ. ಆದರೆ ಆ ಕೆಲಸವು ತನಗೆ ಬಹಳ ಬೇಸರದ್ದಾಗಿತ್ತು, ಏಕೆಂದರೆ ಶಿಷ್ಯರ ಪಾಠಕ್ಕೆ ತನ್ನ ಪಾಠದಷ್ಟೇ ತಾನು ಹೊಣೆಯಾಗಬೇಕಿತ್ತು ಎಂದೂ ಹೇಳಿದ್ದಾನೆ. ಮಕ್ಕಳಿಗೆ ಮಕ್ಕಳು ಗುರುಗಳಾಗುವ ಸಂಬಂಧ ಇಬ್ಬರ ಸ್ವಭಾವಕ್ಕೂ ಒಳ್ಳೆಯದಲ್ಲವೆಂಬುದು ಅವನ ಕೊನೆಯ ತೀರ್ಪು. ಈ ಪದ್ಧತಿಯಲ್ಲಿ ಬೆಳೆದ ಮಗುವೊಂದು ದೊಡ್ಡವನಾಗಿ ನುಡಿದ ಸಾಕ್ಷ್ಯವೆಂದು ನಾವು ಇದಕ್ಕೆ ಬೆಲೆ ಕೊಡಬೇಕು.

ಮಿಲ್ಲನ ಈ ಮಾತುಗಳನ್ನು ಓದುವಾಗ ನನಗೆ ನೆನಪಾಗುವವಳು ನಮ್ಮಕ್ಕ. ಬಂಧುಗಳಿಗೆ ತಿಳಿದ ವಿಷಯವೇ ಇದು. ಇಕ್ಕೇರಿಯಿಂದ ಬಹು ದೂರವಲ್ಲದ ನಮ್ಮ ಹಳ್ಳಿಯ ಮನೆಯಲ್ಲಿ ನಾವು ಐವರು ಮಕ್ಕಳು. ಸಂಜೆ ದೀಪ ಹಚ್ಚಿದ ಮೇಲೆ ಜಗಲಿಯಲ್ಲಿ ಲಾಟೀನಿನ ಸುತ್ತ ನಮ್ಮ ಪಾಠ. ಕೊನೆಯ ತಮ್ಮನ ಕೈ ಹಿಡಿದು ಹಲಗೆಯ ಮೇಲೆ ಬಳಪದಿಂದ ಅಕ್ಷರ ತಿದ್ದಿಸುತ್ತ, ತಂಗಿಯ ಬಾಯಿಂದ ಹದಿನಾಲ್ಕರ ಮಗ್ಗಿ ಕೇಳುತ್ತ, ನಡುವೆ ನನ್ನ ಇಂಗ್ಲಿಷ್ ಕಾಗುಣಿತವನ್ನು ತಿದ್ದುತ್ತ ಅಕ್ಕ ಕುಳಿತಿರುತ್ತಿದ್ದಳು. ಕಿರಿಯರು ಮಗ್ಗಿ ತಪ್ಪಿದರೆ ಒಳಗಿನಿಂದ ಬರುವ ಗದರಿಕೆ ಅವಳ ಹೆಸರಿಗೇ. ಏಳನೆಯ ತರಗತಿಯ ಪಬ್ಲಿಕ್ ಪರೀಕ್ಷೆಯಲ್ಲಿ ಅವಳು ಚೆನ್ನಾಗಿ ತೇರ್ಗಡೆಯಾದಳು, ಪ್ರೌಢಶಾಲೆ ಪೇಟೆಯಲ್ಲಿತ್ತು, ಹೆಣ್ಣುಮಗಳನ್ನು ಅಷ್ಟು ದೂರ ಕಳುಹಿಸುವ ಪದ್ಧತಿ ಆಗ ನಮ್ಮಲ್ಲಿರಲಿಲ್ಲ. ನಾನು ಪೇಟೆಯಲ್ಲಿದ್ದು ಓದಿದೆ.

ರಜೆಗೆ ಊರಿಗೆ ಬಂದಾಗ ನನ್ನ ಹತ್ತನೆಯ ತರಗತಿಯ ಪುಸ್ತಕಗಳನ್ನು ಹಿಡಿದು ಅವಳು ನನ್ನಿಂದ ಪಾಠ ಒಪ್ಪಿಸಿಕೊಳ್ಳುತ್ತಿದ್ದಳು. ತಾನು ಓದದ ತರಗತಿಯ ಪಾಠಗಳವು. ತನಗೆ ಅರ್ಥವಾಗದ ಪದ ಬಂದಾಗ ಅಂಚಿನಲ್ಲಿ ಉಗುರಿನಿಂದ ಮೆಲ್ಲಗೆ ಗೀರುತ್ತಿದ್ದಳು. ಎಲ್ಲರೂ ಮಲಗಿದ ಮೇಲೆ ಪುಸ್ತಕ ತಂದು ಆ ಗೀರುಗಳನ್ನು ಒಂದೊಂದಾಗಿ ತೋರಿಸಿ, "ಇದೇನೋ ತಮ್ಮ, ಇದನ್ನು ಹೇಳು" ಎಂದು ಕೇಳುತ್ತಿದ್ದಳು. ಪುಸ್ತಕದ ತುಂಬ ಆ ಗೀರುಗಳಿದ್ದವು. ನಾನು ಇತಿಹಾಸದ ಉಪಾಧ್ಯಾಯನಾದದ್ದು ಆ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಲೇ ಎಂದರೆ ತಪ್ಪಾಗಲಾರದು. ನಾಲ್ವರನ್ನು ದಡ ಸೇರಿಸಿದ ಅವಳಿಗೆ ಪಾಠ ಹೇಳುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಬಳ್ಳಾರಿಯ ವರದಿಯ ಅರುವತ್ತು ಹೆಣ್ಣುಮಕ್ಕಳೆಂಬ ಅಂಕಿಯನ್ನು ಓದಿದಾಗಲೆಲ್ಲ, ಲೆಕ್ಕಕ್ಕೆ ಸೇರದೆ ಜಗಲಿಯ ಆಚೆ ನಿಂತು ಕೇಳಿಸಿಕೊಂಡು ಕಲಿತವರು ಎಷ್ಟು ಮಂದಿಯಿದ್ದರೋ ಎಂದು ನಾನು ಯೋಚಿಸುತ್ತೇನೆ.

ನಮ್ಮ ಕಾಲದಲ್ಲಿ ಈ ಹಳೆಯ ವಿವೇಕ ಮತ್ತೊಂದು ರೂಪದಲ್ಲಿ ಕಾಣಿಸಿಕೊಂಡಿತು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಕೆಲವು ಶಿಕ್ಷಕರು ಆಂಧ್ರದ ಋಷಿವ್ಯಾಲಿಯಲ್ಲಿ ಬಹುವರ್ಗ ಬೋಧನೆಯ ಕ್ರಮವನ್ನು ನೋಡಿ ಬಂದು ನಡೆಸಿದ ಪ್ರಯೋಗವೇ 'ನಲಿ-ಕಲಿ'. 2009-10ರಲ್ಲಿ ಇದು ರಾಜ್ಯದಾದ್ಯಂತ ಸರ್ಕಾರಿ ಕನ್ನಡ ಶಾಲೆಗಳ ಕೆಳಗಿನ ತರಗತಿಗಳಿಗೆ ವಿಸ್ತರಿಸಿತು. ಅಲ್ಲಿ ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೊಠಡಿಯಲ್ಲಿ ಕೂರುತ್ತಾರೆ. ಪ್ರತಿ ಮಗುವೂ ಕಲಿಕಾ ಏಣಿಯಲ್ಲಿ ತನ್ನ ಮೆಟ್ಟಿಲನ್ನು ತಾನೇ ಏರುತ್ತದೆ. ಮಕ್ಕಳು ಐದು ಗುಂಪುಗಳಲ್ಲಿರುತ್ತಾರೆ: ಶಿಕ್ಷಕರ ಪೂರ್ಣ ಬೆಂಬಲ ಬೇಕಾದವರು, ಭಾಗಶಃ ಬೇಕಾದವರು, ಸಹಪಾಠಿಗಳ ಪೂರ್ಣ ಬೆಂಬಲದವರು, ಭಾಗಶಃ ಬೆಂಬಲದವರು, ತಾವೇ ಕಲಿಯುವವರು. ಒಂದು ಕಲಿಕೆಯಲ್ಲಿ ನೆರವು ನೀಡಿದ ಮಗು ಮುಂದಿನ ಮೆಟ್ಟಿಲಿಗೆ ಹೋದಾಗ ಮತ್ತೆ ಶಿಕ್ಷಕರ ಪಕ್ಕಕ್ಕೆ ಬರುತ್ತದೆ. ಯಾರೂ ಕಾಯಂ ಗುರುವಲ್ಲ, ಯಾರೂ ಕಾಯಂ ಶಿಷ್ಯರಲ್ಲ. ಕ್ಯಾಂಬೆಲ್ ಕಂಡ ನಾಲ್ಕು ವರ್ಗಗಳನ್ನು ನೆನೆಯಿರಿ.

ಹಾಗಾದರೆ ಮನೆಯಲ್ಲಿ ಮೂವರನ್ನೋ ನಾಲ್ವರನ್ನೋ ಒಟ್ಟಿಗೆ ಓದಿಸುವವರು ಇಷ್ಟು ಇತಿಹಾಸದಿಂದ ಪಡೆಯಬೇಕಾದದ್ದೇನು? ಮಕ್ಕಳ ವಯಸ್ಸು ಬೇರೆ ಬೇರೆಯಾಗಿರುವುದು ದೋಷವಲ್ಲ, ಅನುಕೂಲವೇ. ಕತೆ, ಹಾಡು, ಮರಗಿಡಗಳ ಪರಿಚಯ, ಊರಿನ ಚರಿತ್ರೆ ಇವು ಎಲ್ಲರಿಗೂ ಒಂದೇ ಆಗಿರಲಿ. ಪ್ರತಿಯೊಬ್ಬರೂ ತಮ್ಮ ತಮ್ಮ ಶಕ್ತಿಗೆ ತಕ್ಕಷ್ಟನ್ನು ತೆಗೆದುಕೊಳ್ಳಲಿ. ಗಣಿತ ಮತ್ತು ಭಾಷೆಗಳಲ್ಲಿ ಮಾತ್ರ ಅವರವರ ಮೆಟ್ಟಿಲು ಅವರವರಿಗೆ. ದೊಡ್ಡವನು ಚಿಕ್ಕವಳಿಗೆ ಖಂಡಿತ ಹೇಳಿಕೊಡಲಿ, ಅದರಿಂದ ಅವನ ಕಲಿಕೆಯೇ ಬಲಿಯುತ್ತದೆ. ಆದರೆ ಅದು ದಿನದಲ್ಲಿ ಅಲ್ಪ ಹೊತ್ತಿನದಾಗಿರಲಿ. ಚಿಕ್ಕವಳು ತಪ್ಪಿದರೆ ದೊಡ್ಡವನನ್ನು ಗದರಬೇಡಿ. ಹೊಣೆ ಹಿರಿಯರದು, ಮಕ್ಕಳದ್ದಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು, ಹಿರಿಯ ಮಗುವಿನ ಪಾಲನ್ನು ಮೊದಲು ತೆಗೆದಿಡುವುದು. ಚಿಕ್ಕ ಮಕ್ಕಳು ಅತ್ತು, ಕೂಗಿ, ಸೆರಗು ಹಿಡಿದೆಳೆದು ತಮ್ಮ ಸಮಯವನ್ನು ತಾವೇ ವಸೂಲು ಮಾಡಿಕೊಳ್ಳುತ್ತಾರೆ. ಹಿರಿಯ ಮಗು ಕೇಳುವುದಿಲ್ಲ. 'ಅವನಿಗೆ ತಿಳಿಯುತ್ತದೆ, ಅವಳೇ ಓದಿಕೊಳ್ಳುತ್ತಾಳೆ' ಎಂಬ ಹೊಗಳಿಕೆಯ ನೆರಳಿನಲ್ಲಿ ಅದು ಒಂಟಿಯಾಗಿ ಉಳಿದುಬಿಡುತ್ತದೆ. ಆದ್ದರಿಂದ ಬೆಳಗ್ಗೆ ಚಿಕ್ಕವರು ಏಳುವ ಮುಂಚೆಯೋ, ರಾತ್ರಿ ಅವರು ಮಲಗಿದ ಮೇಲೋ, ದಿನಕ್ಕೆ ಅರ್ಧ ಗಂಟೆಯಾದರೂ ಹಿರಿಯ ಮಗುವಿನ ಪಕ್ಕದಲ್ಲಿ ಅದರ ಪುಸ್ತಕವನ್ನು ತೆರೆದು ಕುಳಿತುಕೊಳ್ಳಿ. ಪುಸ್ತಕದ ಅಂಚಿನಲ್ಲಿ ಎಲ್ಲಿಯಾದರೂ ಉಗುರಿನ ಗೀರು ಕಂಡರೆ, ಅಲ್ಲಿಂದ ಪಾಠ ಆರಂಭಿಸಿ.